ಹನ್ನೆರಡು ಸಾಲಿನ ಕಾಗದ

ಅಕ್ಕಿಮಡಕೆಯ ಹಿಂದೆ ಸಿಕ್ಕ ಕಾಗದವನ್ನು ವೀರಮ್ಮ ಕೈಯಲ್ಲಿ ಮುಟ್ಟಲಿಲ್ಲ. ಒಲೆಯ ಇಕ್ಕಳದಲ್ಲಿ ಹಿಡಿದು ತಂದು ಅಂಗಳದಲ್ಲಿ ಹಾಕಿ, ಮೂರು ಹೆಜ್ಜೆ ಹಿಂದೆ ಸರಿದು ನಿಂತಳು.

"ಬಾ ಇಲ್ಲಿ ನೀಲಾ. ಮುಟ್ಬ್ಯಾಡ, ದೂರದಿಂದ್ಲೇ ನೋಡು. ನಾಕು ಮೂಲೇಗೂ ಅರಿಸಿನ ಬಳಿದವ್ರೆ. ಮಾಟ ಕಣೇ ಇದು, ಮಲೆಯಾಳದ ಮಾಟ!"

ಸೊಸೆ ನೀಲಾಂಬಿಕೆ ಒಂದೇ ನೋಟಕ್ಕೆ ಗುರುತಿಸಿದಳು. ಕಾಗದ ಅವಳದೇ. ಮನ್ಮಥ ಸಂವತ್ಸರದ ಯುಗಾದಿಯ ದಿನ, ಈ ವರ್ಷ ತಿಂಗಳಿಗೊಂದರಂತೆ ಹನ್ನೆರಡು ಪುಸ್ತಕ ಓದಿ ಮುಗಿಸಲೇಬೇಕೆಂದು ಕೂತು ಹೆಸರು ಬರೆದಿಟ್ಟಿದ್ದಳು. ಹೊಸ ವರ್ಷದ ಕೆಲಸವಲ್ಲವೇ, ಶುಭವಾಗಲೆಂದು ಮೂಲೆಗೆ ಅರಿಸಿನವನ್ನೂ ಹಚ್ಚಿದ್ದಳು. ಎರಡು ತಿಂಗಳಲ್ಲಿ ಎರಡು ಪುಸ್ತಕ ಮುಗಿದು ಎರಡು ಸಾಲಿನ ಮೇಲೆ ಗೀಟು ಬಿದ್ದಿತ್ತು. ಆ ಹಾಳು ಗೀಟಿನ ಮೇಲೇ ಅತ್ತೆಯ ಕಣ್ಣು.

"ಹನ್ನೆರಡು ಸಾಲು ಅವೆ. ಎರಡಕ್ಕೆ ಗೀಟು ಎಳ್ದವ್ರೆ. ಹಿಂದಿನ ತಿಂಗ್ಳು ನಮ್ಮ ಎತ್ತು ಸತ್ತೋಯ್ತು. ಈ ತಿಂಗ್ಳು ಸರಗೂರಲ್ಲಿ ನಮ್ಮಣ್ಣ ಜ್ವರ ಬಂದು ತೀರ್ಕಂಡ. ಸರಿಯಾಯ್ತಲ್ಲ! ಇನ್ನು ಹತ್ತು ಉಳ್ಕಂಡವೆ. ಯಾರ ಕೆಲ್ಸ ಅಂತ ನಂಗೊತ್ತು, ಆ ಎದುರ್ಮನೆ ಚಿಕ್ಕಸಿದ್ದಮ್ಮಂದೇ. ಹೊಲದ ಬದುವಿನ ಜಗಳದಲ್ಲಿ ಮಣ್ಣು ತೂರಿ ಶಾಪ ಹಾಕಿದ್ಲಲ್ಲ! ಇವತ್ತು ಊರು ಸೇರಿಸಿ ಅವಳ ತಲೆ ಬೋಳಿಸ್ದಿದ್ರೆ ನಾನು ವೀರಮ್ಮನೇ ಅಲ್ಲ."

ಅದು ನನ್ನದು ಎನ್ನಲು ನೀಲಾಂಬಿಕೆಗೆ ಧೈರ್ಯವಾಗಲಿಲ್ಲ. ಈ ಮನೆಯ ಹಿರಿಸೊಸೆಗೂ ಓದು ಬರುತ್ತಿತ್ತು. ಮದುವೆಯಾದ ಎರಡನೇ ವರ್ಷ ಹಿರಿಮಗ ಕಪಿಲಾ ಹೊಳೆಯಲ್ಲಿ ಮುಳುಗಿ ಸತ್ತ. ಹೆಂಡತಿ ಓದಿದಷ್ಟೂ ಗಂಡನ ಆಯಸ್ಸು ಸವೆಯುತ್ತದೆ ಎಂದು ವೀರಮ್ಮ, ತಿಥಿ ಮುಗಿದ ಮಾರನೆಯ ದಿನವೇ ಅವಳನ್ನು ತವರಿಗೆ ಅಟ್ಟಿದ್ದಳು.

ಅಷ್ಟರಲ್ಲಿ ಕಿರಿಮಗ ಚನ್ನಬಸವಣ್ಣ ಹೊಲದಿಂದ ಬಂದ. ಅವ್ವನಿಗೆ ಗೊತ್ತಾಗದಂತೆ ಹೆಂಡತಿಗೆ ಅಕ್ಷರ ಕಲಿಸಿದವನು, ಊರಿನ ವಾಚನಾಲಯದಿಂದ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ ತಂದುಕೊಡುತ್ತಿದ್ದವನು ಅವನೇ. ನೀಲಾಂಬಿಕೆಗೆ ಹೋದ ಜೀವ ಬಂದಂತಾಯಿತು.

"ನೀನು ಓದು ಬಲ್ಲವ್ನು. ಏನು ಬರ್ದದೆ ನೋಡ್ಲಾ," ಎಂದಳು ತಾಯಿ.

ಚನ್ನಬಸವಣ್ಣ ಬಗ್ಗಿ ನೋಡಿದ. ಹೆಂಡತಿಯ ಅಂಕುಡೊಂಕು ಅಕ್ಷರ ಅವನಿಗೆ ಗುರುತು ಸಿಗದೇ ಇರಲಿಲ್ಲ. ಆಳೇನೋ ಗಟ್ಟಿಮುಟ್ಟು, ಅವ್ವನ ಎದುರು ಬರುವಾಗ ಮಾತ್ರ ಅವನ ಧೈರ್ಯ ಹೊಲದಲ್ಲೇ ಉಳಿದುಬಿಡುತ್ತಿತ್ತು.

"ಕನ್ನಡ ಅಲ್ಲ ಕಣವ್ವ," ಎಂದ, ನೆಲ ನೋಡುತ್ತ. "ಮಲೆಯಾಳದ ಅಕ್ಷರ ಇದ್ದಂಗದೆ."

ವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಯ ಕಡೆ ನಡೆದಳು. ಏನೂ ಅರಿಯದ ಚಿಕ್ಕಸಿದ್ದಮ್ಮ ಎದುರುಮನೆಯ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟುತ್ತ ಕೂತಿದ್ದಳು.

"ಅತ್ತೆ, ನಿಂತ್ಕಳಿ!" ನೀಲಾಂಬಿಕೆ ಕೂಗಿದಳು. ಕಾಗದವನ್ನು ಬರಿಗೈಯಲ್ಲೇ ಎತ್ತಿಕೊಂಡು ಓದತೊಡಗಿದಳು. "ಒಂದು, ದನಗಳ ಕಾಯಿಲೆ. ಎರಡು, ಜ್ವರಕ್ಕೆ ಮನೆಮದ್ದು. ಮೂರು, ಉಳುವವನ ಕೈಪಿಡಿ. ನಾಲ್ಕು, ಬಾಣಂತಿ ಆರೈಕೆ..." ಹನ್ನೆರಡನ್ನೂ ಓದಿದಳು. "ಎಲ್ಲಾ ಪುಸ್ತಕದ ಹೆಸರು ಅತ್ತೆ. ಬರ್ದೋಳು ನಾನೇ. ಎರಡು ಓದಿ ಮುಗ್ಸಿವ್ನಿ. ಚಿಕ್ಕಸಿದ್ದಮ್ಮಂದು ಏನೂ ತಪ್ಪಿಲ್ಲ."

ಹೊಡೆತ ಬೀಳುತ್ತದೆಂದು ಅವಳು ಕಣ್ಣು ಮುಚ್ಚಿದಳು. ಬೀಳಲಿಲ್ಲ. ಕಣ್ಣು ಬಿಟ್ಟಾಗ ವೀರಮ್ಮ ಅಂಗಳಕ್ಕೆ ಹಿಂದಿರುಗಿ, ಮಗನನ್ನು ತೋಳು ಹಿಡಿದು ತನ್ನ ಹಿಂದಕ್ಕೆ ಎಳೆದುಕೊಂಡಿದ್ದಳು. ಆಮೇಲೆ, ಸೊಸೆಯನ್ನು ಒಂದು ದಿನವೂ ಅವ್ವಾ ಎಂದು ಕರೆಯದಿದ್ದ ಆ ಹೆಂಗಸು ಎರಡೂ ಕೈ ಮುಗಿದಳು.

"ದನದ್ದು ಓದ್ದೆ, ಎತ್ತು ಸತ್ತೋಯ್ತು. ಜ್ವರದ್ದು ಓದ್ದೆ, ನಮ್ಮಣ್ಣ ಜ್ವರದಲ್ಲೇ ಸತ್ತ. ಮೂರನೇದು ಉಳೋನ್ದು ಅಂದ್ಯಲ್ಲವ್ವಾ... ಈ ಮನೇಲಿ ಉಳೋನು ಇವನೊಬ್ನೇ ಕಣವ್ವಾ."

ಇಂಥ ಮಾತಿಗೆ ನಕ್ಕುಬಿಡಬೇಕೆಂದು ನೀಲಾಂಬಿಕೆ ಗಂಡನ ಕಡೆ ತಿರುಗಿದಳು. ಅವನ ಮುಖ ಬೆಳಿಗ್ಗೆಗಿಂತ ಕೊಂಚ ಸೊರಗಿದಂತೆ ಕಂಡಿತು.