ಗಾಜಿಲ್ಲದ ಫೋಟೋ

ಹಜಾರದ ಗೋಡೆ ತುಂಬ ಹಳೆಯ ಇಗರ್ಜಿಗಳ ದೊಡ್ಡ ದೊಡ್ಡ ಫೋಟೋಗಳು. ವರ್ಷಕ್ಕೊಮ್ಮೆ ಮನೆ ಆಶೀರ್ವದಿಸಲು ಬರುವ ಪಾದ್ರಿ ಅವನ್ನು ನೋಡಿ ಬೆರಗಾದರು.

"ಎಂಥ ಭಕ್ತಿ ಮಾರಾಯ ನಿನ್ನದು! ಆದ್ರೆ ಇಷ್ಟು ತಗ್ಗಿನಲ್ಲಿ ಯಾಕೆ ಹಾಕಿದ್ದು?"

"ಇವಳು ಗಿಡ್ಡ ಅಲ್ವಾ ಫಾದರ್, ಇವಳಿಗೆ ಸರಿಯಾಗಿ ಕಾಣ್ಲಿ ಅಂತ," ಎಂದು ಗಂಡ ನಕ್ಕ.

ಐರಿನ್ ಕೂಡ ನಕ್ಕಳು. ನಗದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹೊರಗಿನವರು ಈ ಮನೆಯೊಳಗೆ ಕಾಲಿಡುವುದು ಇವತ್ತೊಂದೇ ದಿನ. ಅವರು ಹೋದ ಮೇಲೆ ಬಾಗಿಲಿಗೆ ಮತ್ತೆ ಬೀಗ ಬೀಳುತ್ತದೆ.

ಪ್ರಾರ್ಥನೆ ಮುಗಿಸಿದ ಪಾದ್ರಿ ಪವಿತ್ರ ಜಲ ಚಿಮುಕಿಸಲು ಗೋಡೆಯತ್ತ ತಿರುಗಿದರು.

"ಒಂದು ನಿಮಿಷ ಫಾದರ್," ಎಂದಳು ಐರಿನ್. "ಇವರು ಮೊನ್ನೆ ತಂದ ಫೋಟೋಗೆ ಗಾಜಿಲ್ಲ, ಒದ್ದೆಯಾದ್ರೆ ಹಾಳಾಗ್ತದೆ. ತೆಗೀತೇನೆ."

"ಏನೂ ಬೇಡ," ಎಂದ ಗಂಡ. ಅವನ ನಗು ನಿಂತಿತ್ತು.

"ತೆಗೀಲಿ ಬಿಡು. ಗೋಡೆಗೂ ಆಶೀರ್ವಾದ ಬೇಡ್ವಾ?" ಎಂದರು ಪಾದ್ರಿ.

ಐರಿನ್ ಫೋಟೋ ಇಳಿಸಿದಳು. ಹಿಂದೆ ಗಾರೆ ಉದುರಿ ಕುಳಿ ಬಿದ್ದಿತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವಳ ತಲೆ ಆ ಕುಳಿಯೊಳಗೆ ಸರಿಯಾಗಿ ಕೂತಿತು.