ಆಲ್ವಿಕ್ ಅರಮನೆಯ ಮದುವೆ

"ಬಾಗಿಲು ಒಡೀಬೇಡಿ, ತೆಗೆದೇ ಇದೆ!"

ಒಳಗಿನಿಂದ ಹೆಂಗಸಿನ ದನಿ ಕೇಳಿದಾಗ, ಕೊಡಲಿ ಎತ್ತಿ ನಿಂತಿದ್ದ ಕೆಟಿಲ್ ಪೆಚ್ಚಾದ. ಹಿಂದೆ ನಿಂತಿದ್ದ ಅವನ ಬಂಟ ಸ್ಕಾಗಿ ಕಿಸಕ್ಕನೆ ನಕ್ಕ.

ಒಳಗೆ ಯುದ್ಧದ ಸುಳಿವೇ ಇರಲಿಲ್ಲ. ಒಲೆ ಉರಿಯುತ್ತಿತ್ತು. ಹೊಗೆಯಲ್ಲಿ ಒಣಗಿಸಿದ ಮೀನು, ಬಾರ್ಲಿ ರೊಟ್ಟಿ, ನೊರೆಯುಕ್ಕುವ ಬಿಯರ್ ಮೇಜಿನ ಮೇಲಿದ್ದವು. ಎತ್ತರದ ಪೀಠದಲ್ಲಿ ನೀಲಿ ರೇಷ್ಮೆಯ ನಿಲುವಂಗಿ ತೊಟ್ಟವಳು ನೆಟ್ಟಗೆ ಕುಳಿತಿದ್ದಳು. ಆಳುಕಾಳುಗಳು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು.

ಬೊಜೆನಾ ರಾಣಿ ಮಹಾ ಸುಂದರಿ ಎಂದು ಕೆಟಿಲ್ ಕೇಳಿದ್ದ. ಅಂಥದ್ದೇನೂ ಕಾಣಲಿಲ್ಲ. ರಾಣಿಯರ ರೂಪದ ವಿಷಯದಲ್ಲಿ ಹೊಗಳುಭಟ್ಟರ ಮಾತು ನಂಬಬಾರದು ಎಂದುಕೊಂಡ.

ರೂಪ ಕಟ್ಟಿಕೊಂಡು ಅವನಿಗೇನೂ ಆಗಬೇಕಿರಲಿಲ್ಲ. ರಾಜ ಆಸ್ಮುಂಡನನ್ನು ಯುದ್ಧದಲ್ಲಿ ಕೊಂದಿದ್ದ. ಆದರೆ ಅರಮನೆಯ ದ್ವೀಪವನ್ನು ಸುತ್ತಿದ ಸರೋವರದ ಆಚೆ ದಡದಲ್ಲಿ ರೈತರು ಈಟಿ ಹಿಡಿದು ನಿಂತಿದ್ದರು. ಅವರ ಕಣ್ಣಿಗೆ ಕೆಟಿಲ್ ಕಡಲ್ಗಳ್ಳ. ರಾಜನ ವಿಧವೆಯೇ ಕೈಹಿಡಿದರೆ ಮಾತ್ರ ಅವನನ್ನು ರಾಜನೆಂದು ಒಪ್ಪುತ್ತೇವೆ ಎಂದಿದ್ದರು. ಇನ್ನು ಆಸ್ಮುಂಡನ ನಾಲ್ಕು ವರ್ಷದ ಮಗ. ಅವನನ್ನು ಏನು ಮಾಡಬೇಕೆಂದು ಕೆಟಿಲ್ ದೋಣಿಯಲ್ಲೇ ತೀರ್ಮಾನಿಸಿಕೊಂಡಿದ್ದ.

"ಕೂತ್ಕೊಳ್ಳಿ," ಎಂದಳು ಅವಳು. "ಹಸಿದಿರಬೇಕು."

"ಒಡೆಯಾ, ಮುಟ್ಟಬೇಡಿ," ಸ್ಕಾಗಿ ಕಿವಿಯಲ್ಲಿ ಉಸುರಿದ. "ವಿಷ ಇರುತ್ತೆ. ಗಂಡನ್ನ ಕೊಂದವನಿಗೆ ಯಾರಾದ್ರೂ ಮೀನು ಬಡಿಸ್ತಾರಾ?"

ಅವಳಿಗೆ ಕೇಳಿಸಿತು. ಎದ್ದು ಬಂದು ಕೆಟಿಲ್‌ನ ತಟ್ಟೆಯಿಂದ ಮೀನು ಮುರಿದು ತಿಂದಳು, ಅವನ ಬಟ್ಟಲಿನಿಂದ ದೊಡ್ಡ ಗುಟುಕು ಕುಡಿದಳು. ಆಮೇಲೆ ಸ್ಕಾಗಿಯ ತಟ್ಟೆಗೂ ಕೈ ಹಾಕಿದಳು.

"ಸಾಕು ಸಾಕು, ನನಗೂ ಸ್ವಲ್ಪ ಉಳಿಸಮ್ಮಾ!" ಎಂದ ಸ್ಕಾಗಿ.

ಕೆಟಿಲ್ ಅವಳ ಕೈ ಹಿಡಿದು ನೋಡಿದ. ಬೆರಳೆಲ್ಲ ಕೆಂಪಗೆ ಒಡೆದಿದ್ದವು. "ಇದೇನು ರಾಣಿ?"

"ಆಸ್ಮುಂಡ್ ದೊರೆಯ ಬಟ್ಟೆಯ ರಕ್ತ ತೊಳೆದೆ. ಬೂದಿ ನೀರು, ತಣ್ಣೀರು. ಬೇರೆಯವರ ಕೈಗೆ ಕೊಡ್ಲಿಲ್ಲ."

ಕೆಟಿಲ್‌ಗೆ ಒಂದು ಕ್ಷಣ ನಾಚಿಕೆಯೆನಿಸಿತು. ಮಾತು ಬದಲಿಸಿದ. "ಸಮುದ್ರದಾಚೆ ಹುಟ್ಟಿದವಳು. ನಮ್ಮ ಮಾತು ಇಷ್ಟು ಚೆನ್ನಾಗಿ ಹೇಗೆ ಬಂತು?"

"ಈ ಮನೆ ಹೆಂಗಸರು ಕಲಿಸಿದ್ದು. ಬೈಗುಳಾನೂ ಬರುತ್ತೆ. ಕೇಳ್ತೀರಾ?"

ಕೆಟಿಲ್ ಗಹಗಹಿಸಿ ನಕ್ಕ. ನಂತರ ನಗು ನಿಲ್ಲಿಸಿ ಕೇಳಿದ: "ಹುಡುಗ ಎಲ್ಲಿ?"

ಅವಳ ಮುಖದ ಬಣ್ಣ ಇಳಿಯಿತು. ಅವನನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ತುಪ್ಪಳದ ಹೊದಿಕೆಯಡಿ ನಾಲ್ಕು ವರ್ಷದ ಹುಡುಗನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ. ಕೆಟಿಲ್‌ನ ಕೈ ಸೊಂಟದ ಬಾಕುವಿನತ್ತ ಸರಿಯಿತು. ಅವಳು ಅವನಿಗೂ ಹಾಸಿಗೆಗೂ ನಡುವೆ ಬಂದು ನಿಂತಳು.

"ಮದುವೆಗೆ ಒಪ್ತೀನಿ. ಇವತ್ತೇ ಬೇಕಾದ್ರೂ ಸರಿ. ಆದ್ರೆ ವಧುದಕ್ಷಿಣೆ ಏನು ಅಂತ ನಾನು ಹೇಳ್ತೀನಿ. ಚಿನ್ನ ಬೇಡ, ಭೂಮಿ ಬೇಡ. ನನ್ನ ಮಗನ ಮೈ ಮುಟ್ಟಬಾರದು. ನಿಮ್ಮ ನಂತರ ಪಟ್ಟ ಅವನಿಗೇ."

"ಒಪ್ಪದಿದ್ರೆ?"

"ಆಚೆ ದಡದ ಈಟಿಗಳನ್ನ ನೀವೇ ಎಣಿಸ್ಕೊಳ್ಳಿ."

ಕೆಟಿಲ್ ಗಡ್ಡ ಕೆರೆದುಕೊಂಡ. ಅವನಿಗೆ ಮಕ್ಕಳಿರಲಿಲ್ಲ. ಹಿಂದಿನ ಇಬ್ಬರು ಹೆಂಡಿರೂ ಮಕ್ಕಳಿಲ್ಲದೆ ತೀರಿಕೊಂಡಿದ್ದರು. ಒಂದು ಮಾತಿಗೆ ಇಡೀ ರಾಜ್ಯ ಸಿಗುವುದಾದರೆ ಅಗ್ಗವೇ ಆಯಿತು.

ಅಂದೇ ಮಧ್ಯಾಹ್ನ ಮರದ ಚರ್ಚಿನಲ್ಲಿ ಇಡೀ ದ್ವೀಪ ನೆರೆಯಿತು. ಮುದುಕ ಪಾದ್ರಿ ಬೆವರುತ್ತಿದ್ದ. "ಇಲ್ಲಿ ನಿಂತಿರೋ ಈ ಹೆಂಗಸನ್ನ ಹೆಂಡತಿಯಾಗಿ ಒಪ್ಪಿದ್ದೀಯಾ?"

"ಇವಳನ್ನೇ. ಬೇಗ ಮುಗಿಸಪ್ಪಾ."

ಕೆಟಿಲ್ ಶಿಲುಬೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, ಇವಳ ಮಗನೇ ನನ್ನ ವಾರಸುದಾರ ಎಂದು ಆಣೆ ಮಾಡಿದ. ಹೆಂಗಸರು ತಲೆವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡ.

ಸುದ್ದಿ ಹೊತ್ತು ಸ್ಕಾಗಿ ಆಚೆ ದಡಕ್ಕೆ ಹೋದ. ರೈತರು ಈಟಿ ಕೆಳಗಿಟ್ಟು ಮನೆಗೆ ಹೊರಟರು.

ಮರುದಿನ ಬೆಳಿಗ್ಗೆ ಅವನು ವಾಪಸು ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ಕೆಟಿಲ್ ಗಂಜಿ ಕುಡಿಯುತ್ತಿದ್ದ. ಪಕ್ಕದಲ್ಲಿ ಅವಳು ಮಗನ ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು.

"ಒಡೆಯಾ, ದಕ್ಷಿಣದ ಬಂದರಿಗೂ ಹೋಗಿದ್ದೆ. ಅಲ್ಲಿ ಒಂದು ಹಡಗು ಹೊರಟಿತ್ತು. ಅದರಲ್ಲಿ ಬೊಜೆನಾ ರಾಣಿ, ರಾಜಕುಮಾರ ಇಬ್ಬರೂ ಇದ್ರು. ತವರಿಗೆ ಹೋಗ್ತಿದ್ದಾರೆ. ಕಣ್ಣಾರೆ ಕಂಡೆ. ನಿಜವಾಗ್ಲೂ ಸುಂದರಿ ಒಡೆಯಾ."

ಚಮಚ ಗಂಜಿಯೊಳಗೆ ಬಿತ್ತು. ಕೆಟಿಲ್ ಹೆಂಡತಿಯತ್ತ ತಿರುಗಿದ. ಕೈ ಬಾಕುವಿನ ಮೇಲಿತ್ತು.

"ಕೂಗಾಡಿ, ಎಲ್ಲರಿಗೂ ಹೇಳಿ," ಎಂದಳು ಅವಳು, ಬೆಣ್ಣೆ ಹಚ್ಚುತ್ತಲೇ. "ಈಟಿ ಮತ್ತೆ ಎತ್ಕೊಳ್ಳೋಕೆ ಅವರಿಗೆ ಎಷ್ಟು ಹೊತ್ತು ಬೇಕು? ರಾಣಿ ಹತ್ತಿದ ದೋಣಿಲಿ ನನಗೂ ನನ್ನ ಮಗನಿಗೂ ಜಾಗ ಇರ್ಲಿಲ್ಲ. ಏನೋ ಒಂದು ದಾರಿ ಮಾಡ್ಕೋಬೇಕಿತ್ತಲ್ಲ."

ಕೆಟಿಲ್‌ನ ಕೈ ಮೆಲ್ಲಗೆ ಕೆಳಗಿಳಿಯಿತು. "ಹಾಗಾದ್ರೆ ನೀನ್ಯಾರು?"

"ಮೊನ್ನೆವರೆಗೂ ಈ ಮನೆ ಬಟ್ಟೆ ಒಗೆಯೋ ಗುನ್ವರ್," ಎಂದು ಅವಳು ರೊಟ್ಟಿಯನ್ನು ಮಗನ ಕೈಗಿಟ್ಟಳು, "ಈಗ ನಿಮ್ಮ ಹೆಂಡತಿ, ಮುಂದಿನ ರಾಜನ ತಾಯಿ."