ಗಟ್ಟಿ ಕಾಫಿ

ಅಡುಗೆಮನೆಯ ಯಂತ್ರ ದಿನಾ ಬೆಳಿಗ್ಗೆ ಗಂಡ ಹೆಂಡತಿಯ ಎಂಜಲು ಪರೀಕ್ಷಿಸಿ, ಅವರವರ ಆಯಸ್ಸು ಉಳಿಸಲು ಎಷ್ಟು ಪಥ್ಯ ಬೇಕೆಂದು ನೋಡಿ, ಅದಕ್ಕೆ ತಕ್ಕಂತೆ ತಿಂಡಿ ಕಾಫಿ ಕೊಡುತ್ತಿತ್ತು. ಮದುವೆಯಾದಾಗಿನಿಂದ ಫಣೀಶನಿಗೂ ಶಾಂಭವಿಗೂ ಸಿಕ್ಕಿದ್ದು ನೀರು ಕಾಫಿ, ಜೊತೆಗೆ ಒಂದು ಬಟ್ಟಲು ಬೇಯಿಸಿದ ಎಲೆಕೋಸು.

ಇವತ್ತು ಅವನ ಲೋಟಕ್ಕೆ ಗಟ್ಟಿ ಡಿಕಾಕ್ಷನ್ ಇಳಿಯಿತು. ತಟ್ಟೆಗೆ ಎಲೆಕೋಸಿನ ಬದಲು ಬಿಸಿ ಬೋಂಡ ಬಂತು.

"ನೋಡೇ ಶಾಂಭವಿ, ಕೊನೆಗೂ ಇದಕ್ಕೆ ನನ್ನ ಮೇಲೆ ಕರುಣೆ ಬಂತು!" ಫಣೀಶ ಹಿಗ್ಗಿ ಹೀರೇಕಾಯಿಯಾದ. "ನೀನೂ ಒಂದ್ ಗುಟುಕು ಕುಡಿ."

"ಬೇಡ ರೀ, ಪೂರ್ತಿ ನೀವೇ ಕುಡೀರಿ," ಎಂದಳು ಶಾಂಭವಿ.

ಅವಳ ಅಪ್ಪ ಕ್ಯಾನ್ಸರಿನಿಂದ ತೀರಿಕೊಂಡ ತಿಂಗಳು, ಅವರ ಮನೆಯ ಯಂತ್ರವೂ ಯಾವುದಕ್ಕೂ ಬೇಡ ಅಂದಿರಲಿಲ್ಲ. ಶಾಂಭವಿ ತಲೆ ತಗ್ಗಿಸಿ, ಎಂದೂ ಮುಗಿಸದ ತನ್ನ ಪಾಲಿನ ಎಲೆಕೋಸನ್ನು ಒಂದೆಳೆಯೂ ಬಿಡದೆ ತಿಂದಳು.